ತೊಂಬತ್ತಾರನೆಯ ಗಿಡ

ಬೆಳಿಗ್ಗೆ ಆರೂವರೆ. ಪುತ್ತೂರು ಬಳಿಯ ನರಿಮೊಗರಿನ ಒಳದಾರಿಯಲ್ಲಿ, ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಯೊಂದರ ಮೇಲೆ ಎಬ್ಬಿಸಿದ ಪ್ಲಾಸ್ಟಿಕ್ ಹಾಳೆಯ ಪಾಲಿಹೌಸಿನೊಳಗೆ ಲೈಲಾ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ತಲೆಯ ಶಾಲಿನ ಮೇಲಿಂದ ಭೂತಗನ್ನಡಿಯ ಪಟ್ಟಿ ಬಿಗಿದಿದ್ದಾರೆ. ಎದುರಿಗೆ ಮೊಣಕಾಲೆತ್ತರದ ಸೋಯಾ ಗಿಡ, ಎಲೆಯ ಬುಡದಲ್ಲಿ ಅಕ್ಕಿಕಾಳಿಗಿಂತ ತುಸು ದಪ್ಪದ ಮೊಗ್ಗು. ಎಡಗೈಯ ಎರಡು ಬೆರಳುಗಳಲ್ಲಿ ಅದನ್ನು ಹಿಡಿದು, ಬಲಗೈಯ ಚಿಮಟದಿಂದ ಹೊರಗಿನ ಹಸಿರು ಎಸಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಆಮೇಲೆ ಒಂದೇ ಎಳೆತಕ್ಕೆ ಬಿಳಿ ದಳ, ಅದರ ಜತೆಗೆ ಪರಾಗ ಹೊತ್ತ ಕೇಸರ, ಎಲ್ಲವೂ ಹೊರಗೆ ಬರಬೇಕು. ಉಳಿಯಬೇಕಾದದ್ದು ನಡುವಿನ ಒಂದು ಎಳೆ ಮಾತ್ರ. ಅದಕ್ಕೆ, ಈಗಷ್ಟೇ ಅರಳಿದ ಇನ್ನೊಂದು ಗಿಡದ ಹೂವಿನ ಪರಾಗವನ್ನು ಮೂರು ಸಲ ತಾಗಿಸಿ, ತೊಟ್ಟಿಗೆ ಕೆಂಪು ನೂಲು ಕಟ್ಟಿ, ಚೀಟಿಯಲ್ಲಿ ತಾರೀಕು ಬರೆಯುತ್ತಾರೆ. ಎಲ್ಲ ಸೇರಿ ಮೂರೂವರೆ ನಿಮಿಷದ ಕೆಲಸ.

ಇದನ್ನು ಹೂವಿನ ಮದುವೆ ಎಂದು ಚಂದ ಮಾಡಿ ಹೇಳಿದವರೂ ಉಂಟಂತೆ. ಲೈಲಾಗೆ ಆ ಮಾತು ಹಿಡಿಸುವುದಿಲ್ಲ. "ಮದುವೆ ಎಂತದ್ದು ಮಾರಾಯ್ರೆ, ಇದು ಆಪರೇಶನ್. ಕೈ ಒಂದು ಚೂರು ನಡುಗಿದ್ರೆ ಒಳಗಿನ ಎಳೆಗೆ ತಾಗ್ತದೆ. ತಾಗಿದ್ರೆ ಮುಗೀತು, ನಾಳೆ ಬಂದು ನೋಡುವಾಗ ಉದುರಿರ್ತದೆ," ಎನ್ನುತ್ತಾರೆ. ಮಾತನಾಡುವಾಗಲೂ ಕಣ್ಣು ಮೊಗ್ಗಿನಿಂದ ಕದಲುವುದಿಲ್ಲ. ಬಿಸಿಲೇರಿ ಪರಾಗ ಒಣಗುವುದರೊಳಗೆ, ಅಂದರೆ ಹತ್ತು ಗಂಟೆಯೊಳಗೆ, ಅರವತ್ತು ಮೊಗ್ಗು ಮುಗಿಸಬೇಕು.

ಪುತ್ತೂರಿಗೂ ಸೋಯಾಕ್ಕೂ ಎಂತ ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧ ಇಲ್ಲ, ಅದಕ್ಕಾಗಿಯೇ ಬೀಜದ ಕಂಪನಿಯೊಂದು ಹನ್ನೆರಡು ವರ್ಷದ ಹಿಂದೆ ಇಲ್ಲಿಗೆ ಬಂತು. ಸೋಯಾ ಬೆಳೆಯುವ ಬಯಲುಸೀಮೆ ಇಲ್ಲಿಂದ ಬಹುದೂರ, ಆದ್ದರಿಂದ ಅಲ್ಲಿನ ತುಕ್ಕು ರೋಗ ಇಲ್ಲಿಗೆ ಹಾರಿ ಬರುವುದಿಲ್ಲ. ಚಳಿಗಾಲದಲ್ಲೂ ಗಿಡ ಮುದುಡುವಷ್ಟು ಚಳಿ ಇಲ್ಲ. ಹೀಗಾಗಿ ಬೇರೆಡೆ ವರ್ಷಕ್ಕೊಂದು ಬೆಳೆ ತೆಗೆಯುವಲ್ಲಿ ಇಲ್ಲಿ ಎರಡು ತಲೆಮಾರು ದಾಟಿಸಬಹುದು. ಹೊಸ ತಳಿ ಹುಟ್ಟಿಸುವವರಿಗೆ ತಲೆಮಾರೇ ಲೆಕ್ಕ. ಕಂಪನಿಯ ಹೆಸರು ಮಾತ್ರ ಹಾಕಬೇಡಿ ಎಂದು ಇಲ್ಲಿನ ಮೇಲ್ವಿಚಾರಕ, ಐವರ್ನಾಡಿನ ಚನಿಯಪ್ಪ, ಎರಡೆರಡು ಸಲ ಹೇಳಿದ್ದಾರೆ. ಹೆಸರು ಹಾಕಿದರೂ ಹಾಕದಿದ್ದರೂ ಏಪ್ರಿಲ್ ಮೂವತ್ತಕ್ಕೆ ಈ ಬಾಗಿಲು ಮುಚ್ಚುತ್ತದೆ.

ಲೈಲಾಗೆ ಈಗ ನಲವತ್ತಾರು. ಹತ್ತನೆಯ ವಯಸ್ಸಿಗೆ ಬೀಡಿ ಸುರುಟಲು ಕೂತವರು ಮೂವತ್ತನಾಲ್ಕರವರೆಗೂ ಅದನ್ನೇ ಮಾಡಿದರು. ದಿನಕ್ಕೆ ಸಾವಿರ ಬೀಡಿ. ಗಂಡ ಹಕೀಮ್ ಪುತ್ತೂರು ಪೇಟೆಯಲ್ಲಿ ಆಟೋ ಓಡಿಸುತ್ತಾರೆ. ಮಗಳು ಆಫ್ರಾಳಿಗೆ ಮದುವೆಯಾಗಿ ಜಾಲ್ಸೂರಿನಲ್ಲಿ ಮನೆ. ಪಾಲಿಹೌಸು ಶುರುವಾದಾಗ ಕಂಪನಿಯವರು ಊರಿನ ಇಪ್ಪತ್ತು ಮಂದಿ ಹೆಂಗಸರನ್ನು ಕರೆದು ತಲಾ ಹತ್ತು ಮೊಗ್ಗು ಕೊಟ್ಟು ಬಿಡಿಸಲು ಹೇಳಿದರು. ಹತ್ತಕ್ಕೆ ಹತ್ತನ್ನೂ ಒಳಗಿನ ಎಳೆ ಮುರಿಯದೆ ಬಿಡಿಸಿದವರು ಲೈಲಾ ಒಬ್ಬರೇ. ಬೀಡಿಯ ಬಾಯಿ ಮಡಚಿ ಮಡಚಿ ಪಳಗಿದ ಬೆರಳು ಅದು. ಕೆಂಪು ನೂಲು ಕಟ್ಟುವ ಉಪಾಯವೂ ಅವರದ್ದೇ. ಕಂಪನಿ ಕೊಟ್ಟ ತಂತಿ ತೊಟ್ಟನ್ನು ಕೊಯ್ಯುತ್ತಿತ್ತು. ಲೈಲಾ ಮನೆಯಿಂದ ಬೀಡಿ ಕಟ್ಟುವ ನೂಲಿನ ಉಂಡೆ ತಂದರು. ಅಂದಿನಿಂದ ಕಂಪನಿಯ ಎಲ್ಲ ಕೇಂದ್ರಗಳಲ್ಲೂ ಬೀಡಿನೂಲೇ ನಡೆಯುತ್ತದೆ. ಅದನ್ನು ಕಂಡುಹಿಡಿದವರು ಯಾರೆಂದು ಎಲ್ಲಿಯೂ ಬರೆದಿಲ್ಲ.

ಅರವತ್ತು ಮೊಗ್ಗಿನಲ್ಲಿ ಕಾಯಿ ಕಟ್ಟುವುದು ಹನ್ನೆರಡು, ಬಹಳವೆಂದರೆ ಹದಿನೈದು. ಒಂದು ಕಾಯಿಗೆ ಎರಡು ಬೀಜ. ಆ ಬೀಜ ಬಿತ್ತಿ, ಮೊಳೆತ ಗಿಡಕ್ಕೆ ಇಪ್ಪತ್ತು ದಿನವಾದಾಗ ಎಲೆಯಿಂದ ಬೊಟ್ಟಿನಷ್ಟು ದೊಡ್ಡ ಚೂರು ಕತ್ತರಿಸಿ ದೂರದ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಗಿಡದ ವಂಶದ ಗುಣವನ್ನು ಅಲ್ಲಿ ಡಿಎನ್ಎ ನೋಡಿಯೇ ಹೇಳುತ್ತಾರೆ, ಕಾಯಿ ಬಿಡುವವರೆಗೆ ಕಾಯಬೇಕಾಗಿಲ್ಲ. ಹೇಗೆ ಎಂದು ಕೇಳಿದರೆ ಇಲ್ಲಿನ ತಳಿ ವಿಜ್ಞಾನಿ, ಕಡಬದ ಭವಿತಾ, ಸುಲಭದಲ್ಲಿ ಹೇಳುತ್ತಾಳೆ. "ನಮ್ಮ ಮನೆಗೆ ದಾರಿ ಹೇಳುವಾಗ ದೊಡ್ಡ ಹಲಸಿನ ಮರದ ಪಕ್ಕ ಅಂತ ಹೇಳುದಲ್ವಾ. ಮರ ಕಂಡ್ರೆ ಮನೆ ಅಲ್ಲೇ ಉಂಟು ಅಂತ ಗೊತ್ತಾಗ್ತದೆ. ಡಿಎನ್ಎಯಲ್ಲಿ ಹಾಗಿದ್ದ ಮರಗಳನ್ನು ನಾವು ಹುಡುಕುದು. ಮಾರ್ಕರ್ ಅಂತ ಹೇಳ್ತೇವೆ."

ಹುಡುಕುತ್ತಿದ್ದ ಮನೆ ಯಾವುದು ಎಂಬುದನ್ನೂ ಹೇಳಬೇಕು. ರೈತರು ಬೆಳೆಯುವ ಒಳ್ಳೆಯ ಇಳುವರಿಯ ತಳಿಯೊಂದು ತುಕ್ಕು ರೋಗಕ್ಕೆ ಬಲಿಯಾಗುತ್ತದೆ. ಎಲೆಯ ಅಡಿಯಲ್ಲಿ ಕಂದು ಪುಡಿ ಕಾಣಿಸಿ ಹದಿನೈದು ದಿನದಲ್ಲಿ ಹೊಲ ಬೋಳು. ಇನ್ನೊಂದು ಉಂಟು, ಕಾಡುಜಾತಿಯದ್ದು, ಸಣ್ಣ ಕರಿಬೀಜದ್ದು. ತುಕ್ಕು ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ಅದರ ಕಾಯಿ ಒಣಗುತ್ತಿದ್ದಂತೆ ಸಿಡಿದು ಬೀಜ ಚೆಲ್ಲುತ್ತದೆ. ಕೊಯ್ಯುವವನಿಗೆ ಸಿಗುವುದು ಸಿಪ್ಪೆ ಮಾತ್ರ. ರೋಗ ತಡೆಯುವ ಗುಣ ಮತ್ತು ಸಿಡಿಯುವ ಗುಣ, ಎರಡೂ ಈ ಗಿಡದಲ್ಲಿ ಅಕ್ಕಪಕ್ಕ ಅಂಟಿಕೊಂಡಿವೆ. ಒಂದನ್ನು ಕರೆದರೆ ಇನ್ನೊಂದೂ ಬೆನ್ನಿಗೆ ಬರುತ್ತದೆ. ಎಲ್ಲೋ ಸಾವಿರಕ್ಕೊಂದೋ ಎರಡು ಸಾವಿರಕ್ಕೊಂದೋ ಗಿಡದಲ್ಲಿ ಅವು ಬೇರ್ಪಟ್ಟು, ರೋಗ ತಡೆಯುವ ಗುಣ ಮಾತ್ರ ಉಳಿಯಬಹುದು. ಆ ಒಂದು ಗಿಡಕ್ಕಾಗಿ ನಾಲ್ಕು ವರ್ಷ ಲೈಲಾ ಮೊಗ್ಗು ಬಿಡಿಸಿದರು, ಎಲೆ ಕತ್ತರಿಸಿದರು. ಎರಡು ಸಾವಿರದ ಮೇಲೆ ಎಲೆಚೂರು ಹೋಯಿತು. ಪ್ರತಿ ಸಲವೂ ಬಂದ ಉತ್ತರ ಒಂದೇ, ಇಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ನೂರ ನಾಲ್ಕು ಬೀಜ ಬಿತ್ತಿದ್ದರು. ತೊಂಬತ್ತಾರು ಮೊಳೆತವು.

ಎಲೆಚೂರು ಕಳಿಸುವ ಪ್ಲೇಟಿನಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಗುಂಡಿ. ಒಟ್ಟು ತೊಂಬತ್ತಾರು ಗುಂಡಿ ಇದ್ದರೂ ತೊಂಬತ್ತೈದನ್ನೇ ತುಂಬಿಸಬೇಕು, ಕೊನೆಯ ಮೂಲೆಯ ಗುಂಡಿ ಖಾಲಿ ಇರಬೇಕು ಎಂಬುದು ನಿಯಮ. ಪ್ರಯೋಗಾಲಯದಲ್ಲಿ ಚೂರುಗಳನ್ನು ಒಂದು ಪ್ಲೇಟಿನಿಂದ ಇನ್ನೊಂದಕ್ಕೆ ದಾಟಿಸುವಾಗ ತಲೆಕೆಳಗಾಗಿ ಹಿಡಿದರೆ ಮೊದಲಿನದು ಕೊನೆಗೆ ಹೋಗುತ್ತದೆ, ಕೊನೆಯದು ಮೊದಲಿಗೆ ಬರುತ್ತದೆ. ಖಾಲಿ ಗುಂಡಿ ಯಾವ ಮೂಲೆಯಲ್ಲಿದೆ ಎಂದು ನೋಡಿದರೆ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ಗಿಡ ಹೆಚ್ಚಾದರೆ ಹೆಚ್ಚಾದದ್ದನ್ನು ಪರೀಕ್ಷೆ ಇಲ್ಲದೆ ಕಿತ್ತೆಸೆಯುವುದು. ಒಂದು ಗಿಡಕ್ಕಾಗಿ ಎರಡನೆಯ ಪ್ಲೇಟು ಯಾರೂ ಕಳಿಸುವುದಿಲ್ಲ.

ಆ ದಿನ ಭವಿತಾ ರಜೆಯಲ್ಲಿದ್ದಳು, ಕಡಬದಲ್ಲಿ ಚಿಕ್ಕಮ್ಮನ ಮಗಳ ಮದುವೆ. ಎಲೆ ಕತ್ತರಿಸಲು ಕೂತವರು ಲೈಲಾ ಒಬ್ಬರೇ. ತೊಂಬತ್ತೈದು ಮುಗಿಯಿತು. ಒಂದು ಗಿಡ ಉಳಿಯಿತು, ಒಂದು ಗುಂಡಿಯೂ ಉಳಿಯಿತು.

"ಅದು ಎಲ್ಲಕ್ಕಿಂತ ಸಣ್ಣ ಗಿಡ. ಮೊಳಕೆ ಬರುವಾಗಲೂ ನಾಲ್ಕು ದಿನ ತಡ. ಪಾಪ, ಕಷ್ಟಪಟ್ಟು ಬಂದದ್ದು. ಗುಂಡಿ ಎದುರಲ್ಲೇ ಖಾಲಿ ಉಂಟು, ಗಿಡ ಕೈಯಲ್ಲುಂಟು. ನೋಡದೆ ಬಿಸಾಡುದು ಹೇಗೆ? ಹಾಕಿದೆ," ಎನ್ನುತ್ತಾರೆ ಲೈಲಾ. ಕದ್ದುಮುಚ್ಚಿ ಮಾಡಿದ್ದಲ್ಲ. ಪಟ್ಟಿಯ ಕೆಳಗೆ ತಮ್ಮ ದುಂಡನೆಯ ಅಕ್ಷರದಲ್ಲಿ "ಇದು ಒಂದು ಹೆಚ್ಚು ಉಂಟು, ಹಾಕಿದ್ದೇನೆ" ಎಂದು ಬರೆದಿದ್ದಾರೆ. ಆ ಹಾಳೆ ಇವತ್ತಿಗೂ ಕಡತದಲ್ಲಿದೆ.

ಹತ್ತು ದಿನ ಬಿಟ್ಟು ಪ್ರಯೋಗಾಲಯದಿಂದ ಉತ್ತರ ಬಂತು. ಒಂದನೆಯ ನಂಬರಿನ ಗಿಡದಲ್ಲಿ ಎರಡು ಗುಣಗಳು ಬೇರ್ಪಟ್ಟಿವೆ, ಅದನ್ನು ಉಳಿಸಿ, ಉಳಿದದ್ದು ತೆಗೆಯಿರಿ ಎಂದು. ಭವಿತಾ ಓದಿ ಹೇಳುತ್ತಿದ್ದಂತೆ ಚನಿಯಪ್ಪ ಬೈಕ್ ಹತ್ತಿ ಪುತ್ತೂರಿಗೆ ಹೋಗಿ ಒಂದು ಕಿಲೋ ಹಲ್ವ ತಂದರು. ಲೈಲಾ ಎಲ್ಲರಿಗೂ ಹಂಚಿದರು, ದಾರಿಯಲ್ಲಿ ಹೋಗುತ್ತಿದ್ದ ಹಾಲಿನವರನ್ನೂ ಬಿಡಲಿಲ್ಲ. ಒಂದನೆಯ ಗಿಡಕ್ಕೆ ಗಾಳಿಬೆಳಕು ಇರುವ ಒಳ್ಳೆಯ ಜಾಗ ಸಿಕ್ಕಿತು, ಒರಗಲು ಕೋಲು ಸಿಕ್ಕಿತು, ಬಸವನಹುಳ ಹತ್ತದಂತೆ ಸುತ್ತ ಬೂದಿ ಬಿತ್ತು. ಆಮೇಲೆ ಲೈಲಾ ಉಳಿದ ತೊಂಬತ್ತೈದನ್ನು ಕಿತ್ತರು. ಕಿತ್ತದ್ದನ್ನು ಅಂದೇ ಸುಡಬೇಕು, ತಳಿ ಬೇರೆಯವರ ಕೈ ಸೇರಬಾರದು ಎಂಬುದು ಕಂಪನಿಯ ಇನ್ನೊಂದು ನಿಯಮ. ಈ ನಿಯಮವನ್ನು ಅವರು ಅಕ್ಷರಶಃ ಪಾಲಿಸಿದರು. ಹಸಿ ಗಿಡ ಬೇಗ ಹೊತ್ತಿಕೊಳ್ಳುವುದಿಲ್ಲವೆಂದು ಎರಡು ಸಲ ಸೀಮೆಎಣ್ಣೆ ಸುರಿದರು.

ಡಿಸೆಂಬರಿನ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಪಾಲಿಹೌಸಿನೊಳಗೆ ಚಟ್ ಎಂದು ಸದ್ದಾಯಿತು. ಬಿಸಿಲಿಗೆ ಹಾಳೆ ಎಳೆದುಕೊಂಡದ್ದು ಎಂದುಕೊಂಡರು ಚನಿಯಪ್ಪ. ಲೈಲಾ ತುತ್ತನ್ನು ಹಾಗೆಯೇ ತಟ್ಟೆಗೆ ಬಿಟ್ಟು ಎದ್ದರು. ಆ ಸದ್ದು ಅವರಿಗೆ ಗೊತ್ತು, ನಾಲ್ಕು ವರ್ಷ ಕಾಡುಜಾತಿಯ ಗಿಡದ ಬುಡದಲ್ಲಿ ಕೂತು ಕೇಳಿದ್ದಾರೆ. ಒಳಗೆ ಹೋಗಿ ಒಂದನೆಯ ಗಿಡದ ಹತ್ತಿರ ಕೂತರು. ಅವರು ನೋಡುತ್ತಿದ್ದಂತೆ ಇನ್ನೊಂದು ಕಾಯಿ ಸಿಡಿಯಿತು. ಬೀಜ ಮೊಣಕಾಲಿಗೆ ತಾಗಿ ನೆಲಕ್ಕೆ ಬಿತ್ತು.

"ಸಿಡಿಯಬಾರದ ಗಿಡ ಅದು. ಬೀಜ ಹೆಕ್ಕಿದೆ. ಎಂತ ಮಾಡ್ಲಿಕ್ಕೆ ಹೆಕ್ಕಿದ್ದು ಅಂತ ನಂಗೇ ಗೊತ್ತಿಲ್ಲ."

ಅದರ ಎಲೆಯನ್ನು ಮತ್ತೆ ಪರೀಕ್ಷೆಗೆ ಕಳಿಸಿದರು. ಜನವರಿಯ ಎರಡನೆಯ ವಾರ ಉತ್ತರ ಬಂತು. ಒಂದನೆಯ ಗಿಡದ ಹೊಸ ವರದಿ ಹಳೆಯ ಪಟ್ಟಿಯ ಕೊನೆಯ ಗುಂಡಿಯ ವರದಿಗೆ ಸರಿಯಾಗಿ ಹೊಂದುತ್ತಿತ್ತು. ಪ್ಲೇಟು ತಲೆಕೆಳಗಾಗಿತ್ತು, ಖಾಲಿ ಗುಂಡಿ ಇಲ್ಲದ್ದರಿಂದ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದನೆಯದೆಂದು ಉಳಿಸಿಕೊಂಡದ್ದು ಹಿಂದಿನ ಎರಡು ಸಾವಿರ ಗಿಡಗಳಂಥದ್ದೇ ಇನ್ನೊಂದು. ನಿಜವಾದ ಗಿಡ, ನಾಲ್ಕು ವರ್ಷ ಹುಡುಕಿದ ಆ ಒಂದೇ ಒಂದು ಗಿಡ, ತೊಂಬತ್ತಾರನೆಯದು. ತಡವಾಗಿ ಮೊಳೆತ, ಎಲ್ಲಕ್ಕಿಂತ ಸಣ್ಣದಾದ, ಲೈಲಾ ನಿಯಮ ಮುರಿದು ಗುಂಡಿಗೆ ಹಾಕಿದ ಗಿಡ. ಕಿತ್ತಾಗ ಒಂದು ತಿಂಗಳ ಸಸಿ, ಹೂವನ್ನೇ ಬಿಟ್ಟಿರಲಿಲ್ಲ, ಹಾಗಾಗಿ ಬೀಜವೂ ಇಲ್ಲ. ಬೂದಿ ಮಳೆಗೆ ಕೊಚ್ಚಿಹೋಗಿ ಮೂರು ತಿಂಗಳಾಗಿತ್ತು.

ಆ ಕಾಗದ ಹಿಡಿದುಕೊಂಡು ಭವಿತಾ ಕಚೇರಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತಿದ್ದಳಂತೆ, ಲೈಲಾಗೆ ಹೇಳುವ ಧೈರ್ಯ ಸಾಲದೆ. "ನಾನು ಆ ದಿನ ಇದ್ದಿದ್ರೆ ಆ ಗಿಡ ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ. ಆಗ ಪ್ಲೇಟು ತಿರುಗಿದ್ದು ಗೊತ್ತಾಗ್ತಿತ್ತು. ಆದ್ರೆ ಗಿಡ ನಮ್ಮ ಕೈಯಿಂದಲೇ ಹೋಗ್ತಿತ್ತು, ಅದು ಏನು ಅಂತ ಗೊತ್ತೇ ಆಗದೆ. ಹೇಗೆ ಮಾಡಿದ್ರೂ ಹೋಗುವ ಗಿಡ ಅದು ಲೈಲಕ್ಕ ಅಂತ ಹೇಳಿದೆ. ಅವ್ರಿಗೆ ಸಮಾಧಾನ ಆಗ್ಲಿಲ್ಲ. ನಂಗೂ ಆಗ್ಲಿಲ್ಲ," ಎನ್ನುತ್ತಾಳೆ.

ಆಗುವುದಾದರೂ ಹೇಗೆ? ಹಾಕದಿದ್ದರೆ ಆ ಗಿಡ ಹೆಸರಿಲ್ಲದೆ ಸಾಯುತ್ತಿತ್ತು, ಹಾಕಿದ್ದರಿಂದ ಹೆಸರು ತಿಳಿದ ಮೇಲೆ ಇನ್ನಷ್ಟು ಸತ್ತಂತಾಯಿತು. ಇಂಥದ್ದಕ್ಕೆ ಯಾರನ್ನು ದೂರಬೇಕೆಂದೇ ತೋಚುವುದಿಲ್ಲ. ತಿರುಗಿದ್ದು ನಮ್ಮಲ್ಲಿ ಅಲ್ಲ ಎಂದು ಪ್ರಯೋಗಾಲಯ ಬರೆಯಿತು, ಇಲ್ಲಿಯೂ ಅಲ್ಲ ಎಂದು ಚನಿಯಪ್ಪ ಬರೆದರು. ಮೇಲಿನವರು ವಿವರಣೆ ಕೇಳಿದಾಗ ಹಾಕಿದ್ದು ಯಾರೆಂದು ಹೆಸರು ಹೇಳುವುದು ಬೇಡ ಎಂದು ಚನಿಯಪ್ಪ ಲೈಲಾಗೆ ಬುದ್ಧಿ ಹೇಳಿದರು. ಅವರು ಕೇಳಲಿಲ್ಲ. ಕಾಗದ ತೆಗೆದುಕೊಂಡು, "ಕೊನೆಯ ಗುಂಡಿಗೆ ಹಾಕಿದ್ದು ನಾನು. ಕಿತ್ತದ್ದೂ ನಾನು, ಸುಟ್ಟದ್ದೂ ನಾನು," ಎಂದು ಕನ್ನಡದಲ್ಲಿ ಬರೆದು ರುಜು ಹಾಕಿದರು.

"ಬರೀಬೇಡ ಅಂತ ಎಷ್ಟು ಹೇಳಿದೆ. ಅವಳಿಗೆ ಹಠ," ಎನ್ನುತ್ತಾರೆ ಚನಿಯಪ್ಪ. ಐವತ್ತೆಂಟರ ಈ ಮನುಷ್ಯ ಐವರ್ನಾಡಿನಿಂದ ದಿನಾ ಬೈಕಿನಲ್ಲಿ ಬರುತ್ತಾರೆ, ಮನೆಯಲ್ಲಿ ಅರೆಭಾಷೆ, ಲೈಲಾ ಜತೆ ತುಳು, ಕಂಪನಿಯವರ ಜತೆ ಮೌನ. "ಇವಳ ಕಾಗದ ಅವರಿಗೆ ಒಳ್ಳೆ ನೆಪ ಆಯ್ತು. ಮುಚ್ಚುವ ಆಲೋಚನೆ ಮೊದಲೇ ಇದ್ದಿರಬಹುದು. ಆದ್ರೆ ಇವಳು ಈಗ ತನ್ನಿಂದಲೇ ಮುಚ್ಚಿದ್ದು ಅಂತ ತಲೆಯಲ್ಲಿ ಇಟ್ಟುಕೊಂಡಿದ್ದಾಳೆ. ತೆಗೀಲಿಕ್ಕೆ ನನ್ನಿಂದ ಆಗುದಿಲ್ಲ."

ಮುಚ್ಚುವ ಸುದ್ದಿ ನಾಲ್ಕು ಸಾಲಿನ ಇಮೇಲಿನಲ್ಲಿ ಬಂತು. ಈ ಋತುವಿನ ಕೆಲಸ ಮುಗಿಸಿ ಏಪ್ರಿಲ್ ಮೂವತ್ತಕ್ಕೆ ಖಾಲಿ ಮಾಡಿ ಎಂದು. ಉಳಿದ ಹಳೆಯ ಬೀಜದಿಂದ ಗಿಡಗಳು ಆಗಲೇ ಎದ್ದಿದ್ದವು. ಲೈಲಾ ಕ್ಯಾಲೆಂಡರ್ ಎದುರು ನಿಂತು ಲೆಕ್ಕ ಹಾಕಿದರು. ಪರಾಗ ತಾಗಿಸಿದ ಮೊಗ್ಗು ಬಲಿತ ಕಾಯಾಗಲು ಅರವತ್ತೈದು ದಿನ ಬೇಕು. ಅಂದರೆ ಫೆಬ್ರವರಿ ಇಪ್ಪತ್ತರವರೆಗಿನ ಮೊಗ್ಗು ಮಾತ್ರ ಪ್ರಯೋಜನಕ್ಕೆ ಬರುವುದು. ಅಂದಿನಿಂದ ಒಂದು ಭಾನುವಾರವೂ ಬಿಟ್ಟಿಲ್ಲ. ಅಂಥದ್ದೇ ಇನ್ನೊಂದು ಗಿಡ ಈ ಬೀಜಗಳಲ್ಲಿ ಎಲ್ಲಿಯೋ ಹುಟ್ಟಬೇಕು, ಅದು ತಮ್ಮ ಕೈಯಿಂದಲೇ ಹುಟ್ಟಬೇಕು ಎಂಬುದೊಂದೇ ಅವರ ಹಂಬಲ. ಇವತ್ತು ಹತ್ತೊಂಬತ್ತು. ಒಂದು ತಿಂಗಳಲ್ಲಿ ಸಾವಿರದ ಏಳುನೂರು ಮೊಗ್ಗು ಆಗಿದೆ, ಕೆಂಪು ನೂಲಿನ ಕಾಯಿ ಮುನ್ನೂರ ಎಂಬತ್ತು ನಿಂತಿವೆ.

ಆ ಕಾಯಿಗಳ ಗತಿ ಏನು ಎಂದು ಭವಿತಾಳನ್ನು ಪಕ್ಕಕ್ಕೆ ಕರೆದು ಕೇಳಿದರೆ ಅವಳು ದನಿ ತಗ್ಗಿಸುತ್ತಾಳೆ. ಬೀಜವನ್ನು ಲಕೋಟೆಗೆ ಹಾಕಿ ಕಂಪನಿಯ ಶೀತಲ ಕೋಣೆಗೆ ಕಳಿಸುತ್ತಾರೆ, ಅಷ್ಟೆ. ಈ ಕೆಲಸವನ್ನು ಪಟ್ಟಿಯಿಂದ ತೆಗೆದಾಗಿದೆ, ಬಿತ್ತುವವರಿಲ್ಲ, ಎಲೆ ಪರೀಕ್ಷೆಗೆ ಕಳಿಸುವವರಿಲ್ಲ. "ಅವ್ರಿಗೆ ಹೇಳ್ಬೇಡಿ," ಎಂದು ಕೇಳಿಕೊಳ್ಳುತ್ತಾಳೆ.

ಹೇಳಬೇಕಾಗಿಲ್ಲ. ಲೈಲಾಗೆ ಗೊತ್ತು. "ಆ ಹುಡುಗಿ ಪಾಪ, ನಂಗೆ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದಾಳೆ. ಹನ್ನೆರಡು ವರ್ಷ ಆಯ್ತು ಇಲ್ಲಿ. ಶೀತಲ ಕೋಣೆಗೆ ಹೋದದ್ದು ವಾಪಸ್ ಬಂದದ್ದು ನಾನು ನೋಡ್ಲಿಲ್ಲ." ಮತ್ತೆ ಯಾಕೆ ದಿನಾ ಅರವತ್ತು ಎಂದು ಕೇಳಿದರೆ, "ಸುಮ್ನೆ ಕೂತ್ರೆ ಅದೇ ನೆನಪಾಗ್ತದೆ. ಬೆಂಕಿ ಹಾಕಿದ್ದು," ಎನ್ನುತ್ತಾರೆ.

ಮನೆಯಲ್ಲಿ ಹಕೀಮ್ ಸಮಾಧಾನ ಮಾಡಲು ನೋಡಿ ಸೋತಿದ್ದಾರೆ. ಒಂದು ದಿನ ತಮಾಷೆಗೆ, "ಮೂರು ಲೋಕ ಮುಳುಗಿದ ಹಾಗೆ ಕೂತಿದ್ದೀಯಲ್ಲ, ಒಂದು ಬೀನ್ಸ್ ಗಿಡಕ್ಕೆ," ಎಂದರಂತೆ. ಆ ರಾತ್ರಿ ಲೈಲಾ ಊಟ ಮಾಡಲಿಲ್ಲ. "ಅವರದ್ದು ತಪ್ಪಲ್ಲ. ಗಿಡ ಅಂದ್ರೆ ಗಿಡವೇ ಅಲ್ವಾ ಬೇರೆಯವ್ರಿಗೆ," ಎನ್ನುತ್ತಾರೆ. ಮಗಳು ಜಾಲ್ಸೂರಿನಿಂದ ಬಂದು ಎರಡು ದಿನ ಇದ್ದು ಹೋದಳು. ಉಮ್ಮ ನಿದ್ದೆಯಲ್ಲೂ ಬೆರಳು ಆಡಿಸುತ್ತಾರೆ ಎಂದು ಅವಳು ಅಪ್ಪನಿಗೆ ಹೇಳಿದ್ದಾಳೆ. ಇನ್ನು ಬೀಡಿಗೆ ಮರಳುವ ಹಾಗೂ ಇಲ್ಲ. ಬೀಡಿಯ ಎಲೆ ಮೊದಲಿನಷ್ಟು ಬರುವುದಿಲ್ಲ, ಮಸೂರದ ಹಿಂದೆ ಹನ್ನೆರಡು ವರ್ಷ ದುಡಿದ ಕಣ್ಣಿಗೆ ಈಗ ಹತ್ತಿರದ್ದು ಮಸುಕು.

ಇಷ್ಟು ವರ್ಷದಲ್ಲಿ ಲೈಲಾ ಒಂದು ಸೋಯಾ ಹೊಲವನ್ನೂ ನೋಡಿಲ್ಲ. ತುಕ್ಕು ಹತ್ತಿದ ಎಲೆಯನ್ನು ಫೋಟೋದಲ್ಲಿ ಕಂಡಿದ್ದಾರೆ. ಆ ರೋಗಕ್ಕೆ ಬೆಳೆ ಕಳೆದುಕೊಂಡವರ ಮುಖ ಅವರಿಗೆ ಗೊತ್ತಿಲ್ಲ, ಆ ಮುಖಗಳಿಗೆ ಇವರ ಹೆಸರು ಗೊತ್ತಿಲ್ಲ. ಎಲೆಮರೆಯ ಕಾಯಿ ಎಂದು ಇಂಥವರನ್ನು ಹೊಗಳುವುದು ನಮಗೆ ಅಭ್ಯಾಸ. ಹೊಗಳಿದರೆ ಏನಾದರೂ ಸರಿಹೋಗುತ್ತದೆಯೇ ಎಂದು ಈ ಪಾಲಿಹೌಸಿನಲ್ಲಿ ಒಂದು ಬೆಳಗು ಕೂತವರಿಗೆ ಅನುಮಾನ ಬರುತ್ತದೆ.

ಹತ್ತು ಗಂಟೆಗೆ ಐದು ನಿಮಿಷ ಇದೆ. ಐವತ್ತೆಂಟು ಆಗಿದೆ, ಇನ್ನು ಎರಡು. ಲೈಲಾ ಭೂತಗನ್ನಡಿಯನ್ನು ಹಣೆಗೆ ಏರಿಸಿ ಶಾಲಿನ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕೆಲಸ ಮುಗಿಯುವ ಮೊದಲು ನಿಮಗೆ ಏನಾದರೂ ಆಸೆ ಉಂಟಾ ಎಂದು ಕೇಳಿದರೆ, ಇಲ್ಲ ಎಂದು ತಲೆಯಾಡಿಸುತ್ತಾರೆ. ಚಿಮಟ ತೆಗೆದುಕೊಂಡು ಮುಂದಿನ ಮೊಗ್ಗು ಹಿಡಿಯುತ್ತಾರೆ. ಆಮೇಲೆ, ಮೊಗ್ಗನ್ನು ನೋಡುತ್ತಲೇ, ಮೆಲ್ಲಗೆ ಹೇಳುತ್ತಾರೆ.

"ಒಂದು ಉಂಟು. ಯಾರಾದ್ರೂ ಬಂದು, ಲೈಲಾ, ಆ ಪರೀಕ್ಷೆ ತಪ್ಪಾಗಿತ್ತು, ನೀನು ಸುಟ್ಟದ್ದು ಆ ಗಿಡ ಅಲ್ಲ ಅಂತ ಹೇಳ್ಬೇಕು. ಸುಳ್ಳಾದ್ರೂ ಅಡ್ಡಿಲ್ಲ."

ಎರಡು ಕುಂಡದಾಚೆ ಚೀಟಿ ಹಿಡಿದು ನಿಂತಿರುವ ಭವಿತಾಳಿಗೆ ಅದು ಕೇಳಿಸುತ್ತದೆ. ಬಾಯಿ ತೆರೆದವಳು, ಚೀಟಿಯಲ್ಲಿ ಇವತ್ತಿನ ತಾರೀಕು ಬರೆದು ಲೈಲಾಗೆ ಚಾಚುತ್ತಾಳೆ.